ದೇಶಕ್ಕೆ ಲಾಭ, ಊರಿಗೆ ನಷ್ಟ

ಜಾಗತೀಕರಣದ ಮಾತು ಬಂದರೆ ವಾದ ಬಹುಬೇಗ ಎರಡು ಪಕ್ಷವಾಗಿ ಒಡೆಯುತ್ತದೆ. ಒಂದು ಪಕ್ಷ ಬಡತನ ಇಳಿದ ಅಂಕಿ ಮುಂದಿಡುತ್ತದೆ, ಇನ್ನೊಂದು ಬೀಗ ಬಿದ್ದ ಕಾರ್ಖಾನೆಗಳನ್ನು ತೋರಿಸುತ್ತದೆ. ಎರಡೂ ಸುಳ್ಳಲ್ಲ. ವಿಶ್ವಬ್ಯಾಂಕಿನ ಲೆಕ್ಕದಂತೆ 1990ರಲ್ಲಿ ಸುಮಾರು 190 ಕೋಟಿ ಜನ ಕಡುಬಡವರಿದ್ದರು. 2015ಕ್ಕೆ ಆ ಸಂಖ್ಯೆ 74 ಕೋಟಿಯ ಆಸುಪಾಸಿಗೆ ಇಳಿದಿತ್ತು. ಇದರಲ್ಲಿ ಚೀನಾದ ಪಾಲೇ ದೊಡ್ಡದು, ಹೊರದೇಶಗಳ ಮಾರುಕಟ್ಟೆ ಸಿಗದಿದ್ದರೆ ಚೀನಾ ಆ ವೇಗದಲ್ಲಿ ಬೆಳೆಯುತ್ತಿರಲಿಲ್ಲ. ಅದೇ ವರ್ಷಗಳಲ್ಲಿ ಅಮೆರಿಕ, ಬ್ರಿಟನ್‌ಗಳ ಎಷ್ಟೋ ಕೈಗಾರಿಕಾ ಊರುಗಳಲ್ಲಿ ಎರಡು ತಲೆಮಾರು ಒಂದೇ ಗಿರಣಿಯಲ್ಲಿ ದುಡಿದು ಬಾಳಿದ್ದ ಮನೆಗಳು ಬರಿಗೈಯಾದವು.

ಈ ವಿಷಯವನ್ನು ಓದುತ್ತ ಹೋದಂತೆ ನನ್ನನ್ನು ಕಾಡತೊಡಗಿದ್ದು ಲೆಕ್ಕ ಬರೆಯುವ ರೀತಿ. ಆಮದು, ರಫ್ತು, ಜಿಡಿಪಿ, ತಲಾ ಆದಾಯ ಎಲ್ಲವನ್ನೂ ನಾವು ದೇಶದ ಹೆಸರಿನಲ್ಲಿ ಬರೆಯುತ್ತೇವೆ. ವ್ಯಾಪಾರದ ಏಟು ಬೀಳುವುದು ಮಾತ್ರ ದೇಶದ ಮೇಲಲ್ಲ. ಒಂದು ಕಸುಬಿನ ಮೇಲೆ, ಒಂದು ಊರಿನ ಮೇಲೆ, ಐವತ್ತು ದಾಟಿದ ಕೆಲಸಗಾರನ ಮೇಲೆ. ಲಾಭವಾದರೋ ಕೋಟಿ ಜನರಿಗೆ ಚೂರುಚೂರಾಗಿ ಹಂಚಿಹೋಗುತ್ತದೆ. ಅಂಗಿ ಸ್ವಲ್ಪ ಅಗ್ಗವಾಯಿತು ಎಂದು ಯಾರೂ ಬೀದಿಗಿಳಿದು ಸಂಭ್ರಮಿಸುವುದಿಲ್ಲ. ನಷ್ಟಕ್ಕೆ ಮಾತ್ರ ಹೆಸರಿದೆ, ವಿಳಾಸವಿದೆ. ಒಟ್ಟು ಲೆಕ್ಕದಲ್ಲಿ ದೇಶ ಗೆದ್ದಿದೆ ಎನ್ನುವ ಸಾಲಿನ ಕೆಳಗೆ ಸೋತವರ ಪುಟವೊಂದು ಇರಲೇಬೇಕು. ಆ ಪುಟವನ್ನು ಬರೆಯುವ ಹೊಣೆ ಗೆದ್ದ ದೇಶದ ಸರ್ಕಾರದ್ದು. ಜಾಗತೀಕರಣ ಎಲ್ಲಿ ಹಳಿ ತಪ್ಪಿತು ಎಂದು ಕೇಳಿದರೆ ನನ್ನ ಉತ್ತರ ಈ ಪುಟವೇ.

ಬಟ್ಟೆಯ ಎಳೆ ಹಿಡಿದು ಹೋದರೆ ಇದು ಚೆನ್ನಾಗಿ ಕಾಣುತ್ತದೆ. ಇಂಗ್ಲೆಂಡ್, ಅಮೆರಿಕ, ಜಪಾನ್, ಕೊರಿಯಾ, ಚೀನಾ, ಬಾಂಗ್ಲಾದೇಶ, ಕೈಗಾರಿಕೆಗೆ ಕಾಲಿಟ್ಟ ದೇಶಗಳು ಹೆಚ್ಚುಕಡಿಮೆ ಎಲ್ಲವೂ ನೂಲು ಮತ್ತು ಬಟ್ಟೆಯಿಂದಲೇ ಶುರು ಮಾಡಿದವು. ವ್ಯಾಪಾರದ ಸಿದ್ಧಾಂತವೂ ಬಟ್ಟೆಯಿಂದಲೇ ಶುರುವಾಯಿತು. 1817ರಲ್ಲಿ ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಡೇವಿಡ್ ರಿಕಾರ್ಡೊ ಕೊಟ್ಟ ಉದಾಹರಣೆ ಇಂದಿಗೂ ಅರ್ಥಶಾಸ್ತ್ರದ ತರಗತಿಗಳಲ್ಲಿ ಮೊದಲ ಪಾಠ. ಇಂಗ್ಲೆಂಡಿನಲ್ಲಿ ಇಂತಿಷ್ಟು ಬಟ್ಟೆ ತಯಾರಿಸಲು ವರ್ಷಕ್ಕೆ 100 ಜನ ಬೇಕು, ಇಂತಿಷ್ಟು ವೈನ್‌ಗೆ 120 ಜನ. ಪೋರ್ಚುಗಲ್‌ನಲ್ಲಿ ಅಷ್ಟೇ ಬಟ್ಟೆಗೆ 90, ಅಷ್ಟೇ ವೈನ್‌ಗೆ 80. ಎರಡರಲ್ಲೂ ಪೋರ್ಚುಗಲ್ಲೇ ಮುಂದು. ಆದರೂ ಪೋರ್ಚುಗಲ್ ಪೂರ್ತಿ ವೈನ್‌ಗೆ ಇಳಿದು, ಇಂಗ್ಲೆಂಡ್ ಪೂರ್ತಿ ಬಟ್ಟೆಗೆ ಇಳಿದು ಅದಲುಬದಲು ಮಾಡಿಕೊಂಡರೆ ಇಬ್ಬರಿಗೂ ಶ್ರಮ ಉಳಿತಾಯವಾಗುತ್ತದೆ ಎಂದು ಆತ ತೋರಿಸಿದ. ಗಣಿತದಲ್ಲಿ ತಪ್ಪಿಲ್ಲ. ಎಷ್ಟು ಸಲ ಕೂಡಿ ಕಳೆದರೂ ಸರಿಯೇ ಬರುತ್ತದೆ.

ಪೋರ್ಚುಗಲ್‌ನ ಆ 90 ನೇಕಾರರು ಏನಾದರು? ಲೆಕ್ಕದ ಪ್ರಕಾರ ಅವರೆಲ್ಲ ದ್ರಾಕ್ಷಿ ತೋಟಕ್ಕೆ ಹೋದರು. ಮಗ್ಗ ಬಿಟ್ಟು ಕುಡುಗೋಲು ಹಿಡಿಯಲು ಎಷ್ಟು ವರ್ಷ ಹಿಡಿಯಿತು, ಆ ವರ್ಷಗಳಲ್ಲಿ ಮನೆ ಹೇಗೆ ನಡೆಯಿತು ಎಂಬುದಕ್ಕೆ ಆ ಲೆಕ್ಕದಲ್ಲಿ ಜಾಗವಿಲ್ಲ. ಈ ಜೋಡಿಗೆ ಚರಿತ್ರೆಯೂ ಇದೆ. 1703ರ ಮೆಥುಯೆನ್ ಒಪ್ಪಂದದಲ್ಲಿ ಪೋರ್ಚುಗಲ್ ಇಂಗ್ಲೆಂಡಿನ ಉಣ್ಣೆಬಟ್ಟೆಗೆ ಬಾಗಿಲು ತೆರೆಯಿತು, ಬದಲಿಗೆ ಅದರ ವೈನ್‌ಗೆ ಇಂಗ್ಲೆಂಡಿನಲ್ಲಿ ಸುಂಕ ರಿಯಾಯಿತಿ ಸಿಕ್ಕಿತು. ವೈನ್ ಮಾರಿದ ದುಡ್ಡು ಬಟ್ಟೆಗೆ ಸಾಲದೆ ಬ್ರೆಜಿಲ್‌ನಿಂದ ಬಂದ ಚಿನ್ನವೂ ಲಂಡನ್ನಿಗೆ ಹರಿಯಿತು. ಅತ್ತ ಇಂಗ್ಲೆಂಡ್ 1700 ಮತ್ತು 1721ರ ಕಾಯ್ದೆಗಳಿಂದ ಭಾರತದ ಹತ್ತಿಬಟ್ಟೆಗೆ ತನ್ನ ಬಾಗಿಲು ಹಾಕಿಕೊಂಡಿತ್ತು. ಮುಕ್ತ ವ್ಯಾಪಾರದ ಪಾಠ ಹೇಳಿದ ದೇಶ ತನ್ನ ನೇಕಾರರು ಗಟ್ಟಿಯಾಗುವವರೆಗೂ ಅದನ್ನು ಪಾಲಿಸಲಿಲ್ಲ. ಈ ಮಾತನ್ನು ಕಹಿಗಾಗಿ ಎತ್ತುತ್ತಿಲ್ಲ. ನಂತರ ಬಂದ ದೇಶಗಳು ಅದೇ ದಾರಿ ಹಿಡಿದಾಗ ಅವರಿಗೆ ಉಪದೇಶ ಮಾಡಲಾಯಿತಲ್ಲ, ಆಗ ನೆನಪಿರಬೇಕಾದ ಮಾತಿದು.

ರಿಕಾರ್ಡೊನ ಇನ್ನೊಂದು ಮಾತು ಪಾಠಗಳಲ್ಲಿ ಬಿಟ್ಟುಹೋಗುತ್ತದೆ. ಸರಕು ಗಡಿ ದಾಟುತ್ತದೆ, ಬಂಡವಾಳ ಹೆಚ್ಚಾಗಿ ದಾಟುವುದಿಲ್ಲ ಎಂದು ಆತ ನಂಬಿದ್ದ. ಹಣವಂತರಿಗೆ ಹುಟ್ಟಿದ ನೆಲ, ತಿಳಿದ ಕಾನೂನುಗಳ ಮೇಲೆ ಮಮತೆ ಇರುತ್ತದೆ, ಕಡಿಮೆ ಲಾಭವಾದರೂ ಅವರು ಅಲ್ಲೇ ಉಳಿಯುತ್ತಾರೆ ಎಂದ. ಆ ಮಮತೆ ಸಡಿಲವಾದರೆ ತನಗೆ ಬೇಸರವಾದೀತು ಎಂದೂ ಬರೆದ. ಇಡೀ ಲೆಕ್ಕ ನಿಂತಿರುವ ಕಂಬಗಳಲ್ಲಿ ಇದೂ ಒಂದು. ಇಪ್ಪತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಅದು ಉಳಿದಿರಲಿಲ್ಲ.

ಅದಕ್ಕಿಂತ ಮೊದಲು ಸರಕಿನ ಸಾಗಣೆಯೇ ಬದಲಾಯಿತು. 1956ರ ಏಪ್ರಿಲ್ 26ರಂದು ನ್ಯೂಜೆರ್ಸಿಯ ನ್ಯೂವರ್ಕ್ ಬಂದರಿನಿಂದ ಐಡಿಯಲ್ ಎಕ್ಸ್ ಎಂಬ ಹಳೆಯ ತೈಲ ಹಡಗು 58 ಅಲ್ಯೂಮಿನಿಯಂ ಪೆಟ್ಟಿಗೆಗಳನ್ನು (ಕಂಟೇನರ್) ಹೊತ್ತು ಟೆಕ್ಸಾಸ್‌ನ ಹ್ಯೂಸ್ಟನ್‌ಗೆ ಹೊರಟಿತು. ಅದನ್ನು ಕಳುಹಿಸಿದವನು ಲಾರಿ ಸಾಗಣೆಯಿಂದ ಬಂದ ಮ್ಯಾಲ್ಕಮ್ ಮೆಕ್‌ಲೀನ್. ಅಲ್ಲಿಯವರೆಗೆ ಹಡಗು ತುಂಬುವುದೆಂದರೆ ಕೈಕೆಲಸ. ಮೂಟೆ, ಪೀಪಾಯಿ, ಬೇಲು, ಮರದ ಪೆಟ್ಟಿಗೆ, ಒಂದೊಂದನ್ನೂ ಕೊಕ್ಕೆ ಹಾಕಿ ಎಳೆದು, ಹಡಗಿನ ಹೊಟ್ಟೆಯೊಳಗೆ ಇಳಿಸಿ, ಅಲೆಗೆ ಉರುಳದಂತೆ ಸಂದುಗೊಂದುಗಳಲ್ಲಿ ಜೋಡಿಸಬೇಕಿತ್ತು. ಒಂದು ಹಡಗು ಬಂದರಿನಲ್ಲಿ ದಿನಗಟ್ಟಲೆ ನಿಲ್ಲುತ್ತಿತ್ತು. ಬಿಡಿ ಸರಕು ತುಂಬಲು ಆಗ ಟನ್ನಿಗೆ 5.83 ಡಾಲರ್ ಖರ್ಚು. ಪೆಟ್ಟಿಗೆಗಳಲ್ಲಿ ತುಂಬಿದ್ದರಿಂದ ಐಡಿಯಲ್ ಎಕ್ಸ್‌ನಲ್ಲಿ ಅದು ಸುಮಾರು 16 ಸೆಂಟಿಗೆ ಇಳಿಯಿತು. ಸುಂಕ ಇಳಿಸುವ ಒಪ್ಪಂದಗಳ ಬಗ್ಗೆ ನಾವು ಬಹಳ ಮಾತಾಡುತ್ತೇವೆ. ಈ ಪೆಟ್ಟಿಗೆ ಇಲ್ಲದಿದ್ದರೆ ಆ ಒಪ್ಪಂದಗಳಲ್ಲಿ ಎಷ್ಟೋ ಕಾಗದದ ಮೇಲೇ ಉಳಿಯುತ್ತಿದ್ದವು.

ಪೆಟ್ಟಿಗೆಯ ಮೊದಲ ಏಟು ಬಿದ್ದದ್ದು ಬಂದರಿನ ಹಮಾಲಿಗಳ ಮೇಲೆ. ಲಂಡನ್ ನಗರದ ಹಳೆಯ ಹಡಗುಕಟ್ಟೆಗಳು 1960ರ ದಶಕದ ಕೊನೆಯಿಂದ ಶುರುವಾಗಿ 1981ರೊಳಗೆ ಒಂದೊಂದಾಗಿ ಮುಚ್ಚಿದವು. ಅವುಗಳ ಸುತ್ತ ಬೆಳೆದಿದ್ದ ಬಡಾವಣೆಗಳಿಗೆ ಹೊಟ್ಟೆಪಾಡೇ ಇಲ್ಲವಾಯಿತು. ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಬೇರೆಯೇ ಒಂದು ಸಂಗತಿ ನಡೆಯಿತು, ಇಷ್ಟು ಮುಖ್ಯವಾದದ್ದನ್ನು ಜನ ಯಾಕೆ ಹೆಚ್ಚು ನೆನೆಯುವುದಿಲ್ಲವೋ ತಿಳಿಯದು. ಅಲ್ಲಿನ ಹಮಾಲಿಗಳ ಸಂಘದ ನಾಯಕ ಹ್ಯಾರಿ ಬ್ರಿಡ್ಜಸ್. ಯಂತ್ರ ಬಂದೇ ಬರುತ್ತದೆ, ತಡೆದರೂ ನಿಲ್ಲದು ಎಂದು ಆತನಿಗೆ ಮನವರಿಕೆಯಾಗಿತ್ತು. 1960ರಲ್ಲಿ ಸಂಘ ಮಾಲೀಕರೊಂದಿಗೆ ಕೂತು ಒಪ್ಪಂದ ಮಾಡಿಕೊಂಡಿತು. ಯಂತ್ರಗಳನ್ನು ತರಲು ನಮ್ಮ ಅಡ್ಡಿಯಿಲ್ಲ; ಕಾಯಂ ಕೆಲಸಗಾರರನ್ನು ಅದರ ನೆಪದಲ್ಲಿ ತೆಗೆಯಬಾರದು, ಬೇಗ ನಿವೃತ್ತರಾಗುವವರಿಗೆ ಹಣ ಕೊಡಬೇಕು, ಯಂತ್ರದಿಂದ ಉಳಿದ ದುಡ್ಡಿನಲ್ಲಿ ನಮಗೂ ಪಾಲು ಬೇಕು. ಐದೂವರೆ ವರ್ಷಕ್ಕೆ 2.9 ಕೋಟಿ ಡಾಲರ್ ನಿಧಿಗೆ ಬಂತು. ಎಲ್ಲರಿಗೂ ನ್ಯಾಯ ಸಿಕ್ಕಿತೆಂದಲ್ಲ, ಕಾಯಂ ಅಲ್ಲದ ಹಮಾಲಿಗಳಿಗೆ ಅಷ್ಟು ರಕ್ಷಣೆ ದೊರೆಯಲಿಲ್ಲ. ಆದರೆ ನಷ್ಟ ಪಡುವವರ ಪಾಲನ್ನು ಲಾಭ ಬರುವ ಮುಂಚೆಯೇ ಬರೆದಿಟ್ಟರಲ್ಲ, ಮುಂದಿನ ಐವತ್ತು ವರ್ಷಗಳ ವ್ಯಾಪಾರ ಒಪ್ಪಂದಗಳಲ್ಲಿ ನಾನು ಹುಡುಕುವುದು ಇದನ್ನೇ. ಸಿಗುವುದು ಬಲು ಅಪರೂಪ.

ಬಟ್ಟೆಯ ವಿಷಯಕ್ಕೆ ಮರಳೋಣ. 1974ರಲ್ಲಿ ಶ್ರೀಮಂತ ದೇಶಗಳು ಬಹುತಂತು ಒಪ್ಪಂದ ಎಂಬ ವ್ಯವಸ್ಥೆ ತಂದವು. ಯಾವ ಬಡ ದೇಶದಿಂದ ಎಷ್ಟು ಅಂಗಿ, ಎಷ್ಟು ಪ್ಯಾಂಟು ಬರಬಹುದು ಎಂದು ಕೋಟಾ ನಿಗದಿಯಾಯಿತು. ಉದ್ದೇಶ ತಮ್ಮ ಗಿರಣಿಗಳನ್ನು ಉಳಿಸಿಕೊಳ್ಳುವುದು. ಆದದ್ದು ಇನ್ನೊಂದು. ಕೊರಿಯಾದ ಕಂಪನಿಗಳ ಕೋಟಾ ತುಂಬಿಹೋದಾಗ ಅವು ಕೋಟಾ ಇಲ್ಲದ ದೇಶ ಹುಡುಕಿದವು. ಬಾಂಗ್ಲಾದೇಶಕ್ಕೆ ಆಗ ಕೋಟಾ ಇರಲಿಲ್ಲ, ಯಾಕೆಂದರೆ ಅಲ್ಲಿ ರಫ್ತಿನ ಗಾರ್ಮೆಂಟ್ಸ್ ಉದ್ಯಮವೇ ಇರಲಿಲ್ಲವೆನ್ನಬಹುದು. ನೂರುಲ್ ಕಾದೆರ್ ಎಂಬ ಮಾಜಿ ಸರ್ಕಾರಿ ಅಧಿಕಾರಿ ಕಟ್ಟಿದ ದೇಶ್ ಗಾರ್ಮೆಂಟ್ಸ್ ಜೊತೆ ಕೊರಿಯಾದ ದೇವೂ ಕಂಪನಿ ಕೈಜೋಡಿಸಿತು. 1979ರಲ್ಲಿ ಸುಮಾರು 130 ಬಾಂಗ್ಲಾದೇಶಿಗಳು ಬುಸಾನ್‌ನಲ್ಲಿದ್ದ ದೇವೂ ಕಾರ್ಖಾನೆಗೆ ಹೋಗಿ ಕತ್ತರಿಸುವುದು, ಹೊಲಿಯುವುದು, ಸಾಲು ನಡೆಸುವುದು, ಮಾಲು ಕಳುಹಿಸುವುದು ಎಲ್ಲ ಕಲಿತು ಬಂದರು. ಕೆಲವೇ ವರ್ಷಗಳಲ್ಲಿ ಅವರಲ್ಲಿ ಬಹುಪಾಲು ಜನ ದೇಶ್ ಬಿಟ್ಟು ಸ್ವಂತ ಕಾರ್ಖಾನೆ ಹಾಕಿದರು ಅಥವಾ ಹೊಸ ಕಾರ್ಖಾನೆಗಳಿಗೆ ಸೇರಿದರು. ಕಲಿತ ಕೆಲಸ ಅವರೊಂದಿಗೇ ಹೋಯಿತು.

ಸರ್ಕಾರವೂ ಒಂದು ಜಾಣತನ ಮಾಡಿತು. ವಿದೇಶಿ ಖರೀದಿದಾರ ತೆರೆದ ಎಲ್‌ಸಿಯನ್ನು, ಅಂದರೆ ಮಾಲು ಕಳುಹಿಸಿದರೆ ಹಣ ಸಿಗುತ್ತದೆಂಬ ಬ್ಯಾಂಕಿನ ಖಾತರಿ ಪತ್ರವನ್ನು, ಬ್ಯಾಂಕಿನಲ್ಲಿ ಆಧಾರವಾಗಿಟ್ಟು, ಅದರ ಮೇಲೆ ಬಟ್ಟೆ ಆಮದಿಗೆ ಇನ್ನೊಂದು ಎಲ್‌ಸಿ ತೆರೆಯಲು ಅವಕಾಶ ಕೊಟ್ಟಿತು. ಬಂಡವಾಳವಿಲ್ಲದವನೂ ಆರ್ಡರ್ ಹಿಡಿದುಕೊಂಡು ಕಾರ್ಖಾನೆ ನಡೆಸಬಹುದಾಯಿತು. ಆಮದು ಬಟ್ಟೆ ಸುಂಕ ಇಲಾಖೆಯ ನಿಗಾದಲ್ಲಿರುವ ಬಂಧಿತ ಗೋದಾಮಿಗೆ ಸುಂಕವಿಲ್ಲದೆ ಬಂದು, ಅಂಗಿಯಾಗಿ ಹೊರಹೋಯಿತು. ಇಂದು ಬಾಂಗ್ಲಾದೇಶದ ರಫ್ತಿನಲ್ಲಿ ಶೇಕಡ 80ಕ್ಕೂ ಹೆಚ್ಚು ಸಿದ್ಧ ಉಡುಪು. ಲಕ್ಷಾಂತರ ಹೆಣ್ಣುಮಕ್ಕಳು ಮೊದಲ ಬಾರಿಗೆ ಸಂಬಳ ಎಣಿಸಿದರು. ಕಾರ್ಖಾನೆಗಳ ಹತ್ತಿರದ ಹಳ್ಳಿಗಳಲ್ಲಿ ಹೆಣ್ಣುಮಕ್ಕಳು ಹೆಚ್ಚು ವರ್ಷ ಶಾಲೆಯಲ್ಲಿ ಉಳಿದರು, ಮದುವೆ ಮುಂದಕ್ಕೆ ಹೋಯಿತು ಎಂದು ಸಂಶೋಧಕರು ಕಂಡುಕೊಂಡಿದ್ದಾರೆ. ಜಾಗತೀಕರಣವನ್ನು ಸಾರಾಸಗಟಾಗಿ ತಳ್ಳಿಹಾಕುವವರ ಜೊತೆ ನನಗೆ ಜಗಳವಿರುವುದು ಇಲ್ಲೇ. ಆ ಹುಡುಗಿಯ ಕೈಗೆ ಬಂದ ಸಂಬಳವನ್ನು ಶೋಷಣೆ ಎಂಬ ಒಂದೇ ಪದದಲ್ಲಿ ಮುಗಿಸಿಬಿಟ್ಟರೆ ಅವಳ ಬದುಕಿನ ಅರ್ಧವನ್ನು ನಾವು ನೋಡಲೇ ಇಲ್ಲವೆಂದಾಗುತ್ತದೆ.

ಇನ್ನು ಇನ್ನೊಂದು ತುದಿ. ಅಮೆರಿಕದ ಉತ್ತರ ಕೆರೊಲಿನಾದಲ್ಲಿ ಕನಾಪೊಲಿಸ್ ಎಂಬ ಊರು. 1906ರಲ್ಲಿ ಜೇಮ್ಸ್ ವಿಲಿಯಂ ಕ್ಯಾನನ್ ಅಲ್ಲಿ ಜಮೀನು ಕೊಂಡು ಟವೆಲ್ ಗಿರಣಿ ಹಾಕಿದ, ಗಿರಣಿಯ ಸುತ್ತ ಊರು ಹುಟ್ಟಿತು. ಮನೆಗಳು ಕಂಪನಿಯವು, ಬೀದಿಗಳು ಕಂಪನಿಯವು. 1984ರವರೆಗೆ ಆ ಊರಿಗೆ ತನ್ನದೇ ಆದ ನಗರಾಡಳಿತವೂ ಇರಲಿಲ್ಲ. ಗಿರಣಿ ಕೈಬದಲಾಗುತ್ತ ಕೊನೆಗೆ ಪಿಲ್ಲೋಟೆಕ್ಸ್ ಎಂಬ ಕಂಪನಿಯದಾಯಿತು. 2003ರ ಜುಲೈ 30ರಂದು ಪಿಲ್ಲೋಟೆಕ್ಸ್ ಬಾಗಿಲು ಹಾಕಿತು. ಉತ್ತರ ಕೆರೊಲಿನಾ ರಾಜ್ಯವೊಂದರಲ್ಲೇ ಸುಮಾರು 4,800 ಜನ ಒಂದೇ ದಿನ ಕೆಲಸ ಕಳೆದುಕೊಂಡರು. ಆ ರಾಜ್ಯ ಅದುವರೆಗೆ ಅಷ್ಟು ದೊಡ್ಡ ವಜಾ ಕಂಡಿರಲಿಲ್ಲ. ಅಗ್ಗದ ಆಮದು ಒಂದೇ ಕಾರಣವಲ್ಲ, ಬೇರೆ ಕಂಪನಿಗಳನ್ನು ಕೊಳ್ಳಲು ಮಾಡಿದ ಸಾಲವೂ ಅದರ ಕುತ್ತಿಗೆಗೆ ಬಿದ್ದಿತ್ತು. ಕೆಲಸ ಕಳೆದುಕೊಂಡವರಲ್ಲಿ ಹೈಸ್ಕೂಲು ಮುಗಿಸದವರು ಬಹಳ. ಹದಿಹರೆಯದಲ್ಲಿ ಗಿರಣಿ ಸೇರಿದವರಿಗೆ ಓದು ಬೇಕಾಗಿಯೇ ಇರಲಿಲ್ಲ. ಅವರಲ್ಲಿ ಎಷ್ಟೋ ಮಂದಿ ನಡುವಯಸ್ಸಿನಲ್ಲಿ ಅಲ್ಲಿನ ಸಮುದಾಯ ಕಾಲೇಜಿನ ಬೆಂಚಿನ ಮೇಲೆ ಮತ್ತೆ ಕೂತು, ಬಿಟ್ಟುಹೋದ ಪಾಠವನ್ನು ಮೊದಲಿಂದ ಕಲಿಯಬೇಕಾಯಿತು. ಗಿರಣಿ ಕೆಡವಿದ ಜಾಗದಲ್ಲಿ ನಂತರ ಎದ್ದದ್ದು ಜೀವವಿಜ್ಞಾನದ ಸಂಶೋಧನಾ ಕೇಂದ್ರ. ನಕ್ಷೆಯಲ್ಲಿ ಕೆಲಸ ಅದೇ ಜಾಗಕ್ಕೆ ಮರಳಿ ಬಂದಂತಾಯಿತು. ಟವೆಲ್ ಅಂಚು ಹೊಲಿಯುತ್ತಿದ್ದ ಕೈಗಳಿಗೆ ಅಲ್ಲಿ ಏನು ಕೆಲಸ?

ಪಠ್ಯಪುಸ್ತಕ ಹೇಳುವುದು ಬೇರೆ. ಒಂದು ಕಡೆ ಕೆಲಸ ಹೋದರೆ ಜನ ಇನ್ನೊಂದು ಕಡೆಗೆ ಹೋಗುತ್ತಾರೆ, ಸ್ವಲ್ಪ ಕಾಲ ಕಷ್ಟ, ಆಮೇಲೆ ಸರಿ. ಡೇವಿಡ್ ಆಟರ್, ಡೇವಿಡ್ ಡಾರ್ನ್, ಗಾರ್ಡನ್ ಹ್ಯಾನ್ಸನ್ ಎಂಬ ಮೂವರು ಅರ್ಥಶಾಸ್ತ್ರಜ್ಞರು ಇದನ್ನು ಊರೂರಿನ ಅಂಕಿಗಳ ಜೊತೆ ತಾಳೆ ಹಾಕಿ ನೋಡಿದರು. 2001ರ ಡಿಸೆಂಬರ್ 11ರಂದು ಚೀನಾ ವಿಶ್ವ ವ್ಯಾಪಾರ ಸಂಸ್ಥೆ ಸೇರಿತು. ಚೀನಾದ ಆಮದಿನ ಏಟಿನಿಂದ 1999 ಮತ್ತು 2011ರ ನಡುವೆ ಅಮೆರಿಕದಲ್ಲಿ 20ರಿಂದ 24 ಲಕ್ಷ ಕೆಲಸ ಹೋಯಿತೆಂದು ಈ ಮೂವರು ಇನ್ನಿಬ್ಬರ ಜೊತೆ ಸೇರಿ ಅಂದಾಜಿಸಿದರು. ದೊಡ್ಡ ಸುದ್ದಿ ಸಂಖ್ಯೆಯಲ್ಲ. ಏಟು ತಿಂದ ಊರಿನ ಜನ ಊರು ಬಿಡಲಿಲ್ಲ. ಮನೆ ಮಾರಲು ಹೋದರೆ ಕೊಳ್ಳುವವರಿಲ್ಲ, ಸಾಕುವ ತಂದೆತಾಯಿ ಅಲ್ಲೇ, ಬಂಧುಬಳಗ ಅಲ್ಲೇ. ದಶಕ ಕಳೆದರೂ ಆ ಕಡೆಗಳಲ್ಲಿ ಸಂಬಳ ಮೇಲೇಳಲಿಲ್ಲ, ಅಂಗವೈಕಲ್ಯ ಪಿಂಚಣಿ ಪಡೆಯುವವರು ಹೆಚ್ಚಿದರು, ಮದುವೆಗಳು ಕಡಿಮೆಯಾದವು. ಆರ್ಥಿಕತೆ ಎಂದು ನಾವು ಬೇರೆ ಖಾನೆಯಲ್ಲಿಟ್ಟದ್ದು ಮನೆಯೊಳಗೆ ಹೀಗೆ ಹೊಕ್ಕಿತು. ಆ ಊರುಗಳು ಮುಂದೆ ಹೇಗೆ ಮತ ಹಾಕಿದವು ಎಂದು ಅಚ್ಚರಿಪಡುವವರು ಮೊದಲು ಈ ಅಂಕಿಗಳನ್ನು ಓದಬೇಕು.

ಸೋತವರ ಪುಟ ಬರೆಯುತ್ತೇವೆಂದು ಅಮೆರಿಕ ಮಾತು ಕೊಟ್ಟಿರಲಿಲ್ಲವೆ? ಕೊಟ್ಟಿತ್ತು. ಸುಂಕ ಇಳಿಸುವ ಅಧಿಕಾರ ಕೇಳುವಾಗಲೇ, 1962ರಲ್ಲಿ, ಕೆನಡಿ ಸರ್ಕಾರ ವ್ಯಾಪಾರ ಹೊಂದಾಣಿಕೆ ನೆರವು ಎಂಬ ಯೋಜನೆ ತಂದಿತು. ಆಮದಿನಿಂದ ಕೆಲಸ ಕಳೆದುಕೊಂಡವರಿಗೆ ತರಬೇತಿ, ಆ ಅವಧಿಗೆ ಜೀವನಾಧಾರ. ಯೋಜನೆ ಬಂತು, ಹಣ ಸಾಲಲಿಲ್ಲ, ಅರ್ಜಿಯ ದಾರಿ ಸುಲಭವಿರಲಿಲ್ಲ. 2022ರ ಜುಲೈ 1ರಿಂದ ಹೊಸ ಅರ್ಜಿಗಳ ಪರಿಶೀಲನೆಯೇ ನಿಂತಿತು, ಅವಧಿ ಮುಗಿದ ಕಾನೂನನ್ನು ಅಲ್ಲಿನ ಸಂಸತ್ತು ಮುಂದುವರಿಸಲಿಲ್ಲ. ಅರವತ್ತು ವರ್ಷ ಹಳೆಯ ಮಾತು ಸದ್ದಿಲ್ಲದೆ ಮುಗಿಯಿತು. ನನಗೆ ಇದು ಯಾವ ಸುಂಕ ಸಮರಕ್ಕಿಂತಲೂ ದೊಡ್ಡ ಸುದ್ದಿ.

ಹಣ ಎಲ್ಲಿಂದ ತರುವುದು ಎಂದು ಕೇಳುವವರಿದ್ದಾರೆ, ಆ ಪ್ರಶ್ನೆ ನ್ಯಾಯವಾದದ್ದೇ. ಬಾಗಿಲು ತೆರೆದ ಮೇಲೆ ರಕ್ಷಣೆಗೆ ಹೆಚ್ಚು ಹಣ ಬೇಕು. ಅದೇ ತೆರೆದ ಬಾಗಿಲಿನಿಂದ ಆ ಹಣ ಹೊರಗೆ ಹೋಗುತ್ತದೆ. ರಿಕಾರ್ಡೊ ನಂಬಿದ್ದ ಹಣವಂತರ ಮಮತೆ ಸಡಿಲವಾಯಿತು. ಬಂಡವಾಳ ತೆರಿಗೆ ಕಡಿಮೆ ಇರುವ ಕಡೆ ಹೋಯಿತು, ಕೆಲವೊಮ್ಮೆ ಕಾಗದದ ಮೇಲೆ ಮಾತ್ರ. ಒಂದು ದೇಶ ತೆರಿಗೆ ಇಳಿಸಿದರೆ ಪಕ್ಕದ ದೇಶವೂ ಇಳಿಸಲೇಬೇಕು. ಬಹುಪಾಲು ಶ್ರೀಮಂತ ದೇಶಗಳ ಕೂಟವಾದ ಒಇಸಿಡಿಯ ದೇಶಗಳ ಸರಾಸರಿ ಕಂಪನಿ ತೆರಿಗೆ ದರ 2000ದಲ್ಲಿ ಶೇಕಡ 32ರ ಸುಮಾರಿಗಿತ್ತು. 2018ಕ್ಕೆ 24ರ ಹತ್ತಿರಕ್ಕೆ ಬಂದಿತ್ತು. ಕೆಲಸಗಾರನ ಸಂಬಳಕ್ಕೆ ಓಡಿಹೋಗಲು ಜಾಗವಿಲ್ಲ, ಕೊಳ್ಳುವ ಸರಕಿಗೂ ಇಲ್ಲ. ತೆರಿಗೆಯ ಭಾರ ಅತ್ತ ವಾಲಿತು. 2021ರ ಅಕ್ಟೋಬರ್‌ನಲ್ಲಿ 130ಕ್ಕೂ ಹೆಚ್ಚು ದೇಶಗಳು ದೊಡ್ಡ ಕಂಪನಿಗಳಿಗೆ ಕನಿಷ್ಠ ಶೇಕಡ 15 ತೆರಿಗೆ ಎಂದು ಒಪ್ಪಿದ್ದು ಇದಕ್ಕೆ ಬೇಲಿ ಹಾಕುವ ಮೊದಲ ಗಂಭೀರ ಯತ್ನ. ಆ ದರ ಸಾಲದು, ಜಾರಿ ಕುಂಟುತ್ತಿದೆ. ಆದರೂ ದೇಶಗಳು ಪೈಪೋಟಿ ಬಿಟ್ಟು ಒಟ್ಟಿಗೆ ಕೂತವು ಎನ್ನುವುದೇ ನನಗೆ ದೊಡ್ಡ ಮಾತು.

ಹಣದ ಓಟ ಇನ್ನೂ ಕ್ರೂರವಾಗಬಲ್ಲದು. 1997ರವರೆಗೆ ಥಾಯ್ಲೆಂಡಿನ ಬಾತ್ ಡಾಲರಿಗೆ 25ರ ಆಸುಪಾಸಿನಲ್ಲಿ ಕಟ್ಟಿಹಾಕಿದ್ದ ನಾಣ್ಯ. ಕಂಪನಿಗಳು ಆ ಭರವಸೆಯ ಮೇಲೆ ಅಲ್ಪಾವಧಿಯ ಡಾಲರ್ ಸಾಲ ತಂದು ಕಟ್ಟಡ ಕಟ್ಟಿದವು. ಜುಲೈ 2ರಂದು ಗಂಟು ಬಿಚ್ಚಿತು, ಮರುವರ್ಷದ ಜನವರಿಗೆ ಡಾಲರಿಗೆ 50 ದಾಟಿತು. ಡಾಲರಿನಲ್ಲಿ ತಂದ ಸಾಲ ಕೂತಲ್ಲೇ ಎರಡರಷ್ಟಾಯಿತು. ಇಂಡೋನೇಷ್ಯಾದಲ್ಲಿ ಅಲ್ಲಿನ ನಾಣ್ಯ ರುಪಿಯಾ ನೆಲಕಚ್ಚಿತು. 1998ರ ಜನವರಿ 15ರಂದು ಅಧ್ಯಕ್ಷ ಸುಹಾರ್ತೊ ಸಾಲದ ಪತ್ರಕ್ಕೆ ಬಗ್ಗಿ ಸಹಿ ಹಾಕುತ್ತಿರುವಾಗ ಅಂತರರಾಷ್ಟ್ರೀಯ ಹಣಕಾಸು ನಿಧಿಯ (ಐಎಂಎಫ್) ಮುಖ್ಯಸ್ಥ ಮಿಶೆಲ್ ಕಾಮ್ಡೆಸು ಕೈಕಟ್ಟಿ ಹಿಂದೆ ನಿಂತ ಚಿತ್ರ ಏಷ್ಯಾದ ಎಷ್ಟೋ ಜನರ ಮನಸ್ಸಿನಲ್ಲಿ ಅವಮಾನವಾಗಿ ಉಳಿಯಿತು. ಮೇ ತಿಂಗಳಲ್ಲಿ ಇಂಧನದ ಬೆಲೆ ಏರಿತು, ಗಲಭೆ ಎದ್ದಿತು, ಚೀನಾ ಮೂಲದ ಕುಟುಂಬಗಳ ಮೇಲೆ ಭೀಕರ ಹಿಂಸೆ ನಡೆಯಿತು, 21ರಂದು ಸುಹಾರ್ತೊ ಕೆಳಗಿಳಿದರು. ಬಂಡವಾಳ ಹೊರಹೋಗದಂತೆ ತಡೆ ಹಾಕಿದ ಮಲೇಷ್ಯಾವನ್ನು ಆಗ ತಜ್ಞರು ಜರಿದರು. ಕೆಲವು ಸಂದರ್ಭಗಳಲ್ಲಿ ಅಂಥ ತಡೆ ಸರಿ ಎಂದು ಐಎಂಎಫ್ ತಾನೇ 2012ರಲ್ಲಿ ಒಪ್ಪಿಕೊಂಡಿತು. ಅಷ್ಟರಲ್ಲಿ ಹದಿನೈದು ವರ್ಷ ಕಳೆದಿತ್ತು.

ಸರಕಿಗೆ, ಹಣಕ್ಕೆ ಇಷ್ಟು ಸಲೀಸಾದ ಗಡಿ ಮನುಷ್ಯರಿಗೆ ಅಷ್ಟು ತೆರೆದುಕೊಂಡಿಲ್ಲ. 2020ರಲ್ಲಿ ಹುಟ್ಟಿದ ದೇಶ ಬಿಟ್ಟು ಬದುಕುತ್ತಿದ್ದವರು ಸುಮಾರು 28 ಕೋಟಿ, ಜಗತ್ತಿನ ಜನಸಂಖ್ಯೆಯ ಶೇಕಡ 4 ಕೂಡ ಅಲ್ಲ. ಹಾಗೆ ಹೋದವರ ದುಡಿಮೆ ಮಾತ್ರ ಕೆಲವು ದೇಶಗಳನ್ನೇ ಎತ್ತಿಹಿಡಿದಿದೆ. ನೇಪಾಳದ ಜಿಡಿಪಿಯ ಕಾಲುಭಾಗದಷ್ಟು ಹಣ ಹೊರಗೆ ದುಡಿಯುವವರು ಕಳುಹಿಸುವುದು. ಫಿಲಿಪ್ಪೀನ್ಸ್ 1974ರ ಕಾರ್ಮಿಕ ಕಾನೂನಿನಿಂದಲೇ ಜನರನ್ನು ಹೊರಗೆ ಕಳುಹಿಸುವುದನ್ನು ಸರ್ಕಾರದ ನೀತಿಯಾಗಿ ಮಾಡಿಕೊಂಡಿತು. ಬೇರೆಯವರ ಮಕ್ಕಳನ್ನು ನೋಡಿಕೊಳ್ಳಲು ಹೋದ ತಾಯಿ ತನ್ನ ಮಕ್ಕಳನ್ನು ಫೋನಿನ ಪರದೆಯಲ್ಲಿ ಬೆಳೆಸುತ್ತಾಳೆ. ಅವಳು ಕಳುಹಿಸಿದ ಡಾಲರ್ ವಿದೇಶಿ ವಿನಿಮಯದ ಸಂಗ್ರಹದಲ್ಲಿ ಕಾಣುತ್ತದೆ, ಮನೆಯಲ್ಲಿ ಅವಳ ಜಾಗ ಖಾಲಿ ಇರುವುದು ಯಾವ ಲೆಕ್ಕಕ್ಕೂ ಬರುವುದಿಲ್ಲ.

ನಿಯಮಗಳಿಗೆ ಗಡಿ ದಾಟಲು ಆಗುವುದಿಲ್ಲ, ವ್ಯಾಪಾರಕ್ಕೆ ಮಾತ್ರ ಆಗುತ್ತದೆ ಎಂದು ಬಹಳ ಕಾಲ ಹೇಳಿಕೊಂಡು ಬಂದೆವು. ಢಾಕಾದ ಹತ್ತಿರ ಸಾವರ್‌ನಲ್ಲಿದ್ದ ರಾಣಾ ಪ್ಲಾಜಾ ಎಂಬ ಎಂಟಂತಸ್ತಿನ ಕಟ್ಟಡದ ಗೋಡೆಯಲ್ಲಿ 2013ರ ಏಪ್ರಿಲ್ 23ರಂದು ಬಿರುಕು ಕಾಣಿಸಿತು. ಕೆಳಗಿನ ಬ್ಯಾಂಕು ತನ್ನ ನೌಕರರನ್ನು ಮನೆಗೆ ಕಳುಹಿಸಿತು. ಮೇಲಿನ ಮಹಡಿಗಳ ಹೊಲಿಗೆಯವರಿಗೆ ಮರುದಿನ ಬೆಳಿಗ್ಗೆ ಕೆಲಸಕ್ಕೆ ಬರಲೇಬೇಕೆಂಬ ಒತ್ತಾಯ. ಕರೆಂಟು ಹೋಯಿತು, ಮೇಲಿದ್ದ ಜನರೇಟರುಗಳು ಅದುರಿದವು, ಕಟ್ಟಡ ಕುಸಿಯಿತು. 1,134 ಜನ ಸತ್ತರು, ಬಹುಪಾಲು ಹೆಂಗಸರು. ಒಂದೇ ಕಟ್ಟಡದಲ್ಲಿ ಇದ್ದವರ ನಡುವೆ ಒಬ್ಬರ ಜೀವಕ್ಕೆ ಬೆಲೆ ಬಂತು, ಇನ್ನೊಬ್ಬರದಕ್ಕೆ ಬರಲಿಲ್ಲ. ಆರ್ಡರ್ ತಡವಾದರೆ ದಂಡ ಕಟ್ಟಬೇಕಿತ್ತು, ಬಿರುಕಿಗೆ ಅಂಥ ಯಾವ ಷರತ್ತೂ ಇರಲಿಲ್ಲ.

ಅದಾದ ತಿಂಗಳೊಳಗೆ ಸಹಿಯಾದ ಸುರಕ್ಷತಾ ಒಪ್ಪಂದಕ್ಕೆ ಕ್ರಮೇಣ 200ಕ್ಕೂ ಹೆಚ್ಚು ಬ್ರ್ಯಾಂಡುಗಳು ಸೇರಿದವು. ಹಿಂದಿನವುಗಳಂತೆ ಸ್ವಇಚ್ಛೆಯ ಘೋಷಣೆಯಲ್ಲ ಅದು, ಕಾನೂನಿನ ಬಲವಿದ್ದ ಕರಾರು. ಕಾರ್ಮಿಕ ಸಂಘಗಳು ಅದರಲ್ಲಿ ಸಹಿದಾರರು. ಕರಾರು ಮುರಿದರೆಂದು ಎರಡು ಬ್ರ್ಯಾಂಡುಗಳ ಮೇಲೆ ದೂರು ಹೇಗ್‌ನ ಮಧ್ಯಸ್ಥಿಕೆ ನ್ಯಾಯಾಲಯದವರೆಗೆ ಹೋಗಿ ರಾಜಿಯಲ್ಲಿ ಮುಗಿಯಿತು. ತಜ್ಞರು ಕಾರ್ಖಾನೆಗಳಿಗೆ ಹೋದರು, ಬೆಂಕಿ ಬಾಗಿಲು ಹಾಕಿಸಿದರು, ಕಂಬ ಬಲಪಡಿಸಿದರು. 2023ರಲ್ಲಿ ಅದೇ ಮಾದರಿ ಪಾಕಿಸ್ತಾನಕ್ಕೂ ಬಂತು. ಸಂಬಳದ ಪ್ರಶ್ನೆ ಅದರಲ್ಲಿ ಬಗೆಹರಿದಿಲ್ಲ. ಆದರೂ ಖರೀದಿಯ ಆರ್ಡರ್ ಜೊತೆಗೆ ಹೊಣೆಯೂ ಸಮುದ್ರ ದಾಟಬಲ್ಲದು ಎಂದು ಅದು ತೋರಿಸಿಕೊಟ್ಟಿತು.

ಈಗ ಗಾಳಿ ತಿರುಗಿದೆ. ವಿಶ್ವ ವ್ಯಾಪಾರ ಸಂಸ್ಥೆಯ ಮೇಲ್ಮನವಿ ಪೀಠಕ್ಕೆ 2019ರ ಡಿಸೆಂಬರ್‌ನಿಂದ ಕೆಲಸ ಮಾಡಲು ಬೇಕಾದಷ್ಟು ಸದಸ್ಯರೇ ಇಲ್ಲ. 2025ರ ಏಪ್ರಿಲ್ 2ರಂದು ಅಮೆರಿಕ ಹೆಚ್ಚುಕಡಿಮೆ ಎಲ್ಲ ದೇಶಗಳ ಸರಕಿನ ಮೇಲೂ ಹೊಸ ಸುಂಕ ಸಾರಿತು. ಏಟು ತಿಂದ ಊರುಗಳ ಸಿಟ್ಟಿಗೆ ಇದು ಉತ್ತರ ಎಂದು ಹೇಳಲಾಗುತ್ತಿದೆ. ಸಿಟ್ಟು ನ್ಯಾಯವಾದದ್ದು, ಮದ್ದು ಬೇರೆ ಗಾಯದ್ದು. 2018ರಲ್ಲಿ ಅಮೆರಿಕ ಬಟ್ಟೆ ಒಗೆಯುವ ಯಂತ್ರಗಳ ಆಮದಿಗೆ ಸುಂಕ ಹಾಕಿತು. ಸುಮಾರು 1,800 ಕೆಲಸ ಹುಟ್ಟಿತು. ಗ್ರಾಹಕರು ಹೆಚ್ಚಿಗೆ ತೆತ್ತ ಹಣವನ್ನು ಅದಕ್ಕೆ ಭಾಗಿಸಿದಾಗ ಒಂದೊಂದು ಕೆಲಸಕ್ಕೆ ವರ್ಷಕ್ಕೆ 8 ಲಕ್ಷ ಡಾಲರ್ ದಾಟಿತೆಂದು ಅಧ್ಯಯನವೊಂದು ಲೆಕ್ಕ ಹಾಕಿತು. ಸುಂಕ ಇಲ್ಲದ ಡ್ರೈಯರ್ ಯಂತ್ರದ ಬೆಲೆಯೂ ಜೊತೆಗೇ ಏರಿತ್ತು. ಆ ದುಡ್ಡಿನ ಹತ್ತನೇ ಒಂದು ಪಾಲನ್ನು ಕೆಲಸ ಹೋದವರ ಮನೆಗೆ, ಅವರ ಊರಿನ ಕಾಲೇಜಿಗೆ ಕೊಟ್ಟಿದ್ದರೆ? ಇನ್ನು ಮರಳಿ ಬರುವ ಗಿರಣಿ ಹೋದ ಗಿರಣಿಯಲ್ಲ. ಇಂದಿನ ನೂಲಿನ ಕಾರ್ಖಾನೆಯಲ್ಲಿ ಯಂತ್ರಗಳ ಉದ್ದನೆಯ ಸಾಲುಗಳ ನಡುವೆ ಬೆರಳೆಣಿಕೆಯ ಜನ ಓಡಾಡುತ್ತಿರುತ್ತಾರೆ.

ಬಾಗಿಲು ತೆರೆದೂ ಜನರನ್ನು ಕಾಪಾಡಿಕೊಂಡ ದೇಶಗಳಿಲ್ಲವೆ? ಇವೆ. ಅರ್ಥಶಾಸ್ತ್ರಜ್ಞ ಡಾನಿ ರಾಡ್ರಿಕ್ 1998ರಲ್ಲಿ ಒಂದು ಸಂಗತಿ ಗಮನಿಸಿದರು. ಹೊರವ್ಯಾಪಾರಕ್ಕೆ ಹೆಚ್ಚು ತೆರೆದುಕೊಂಡ ದೇಶಗಳ ಸರ್ಕಾರಗಳೇ ಹೆಚ್ಚು ಖರ್ಚು ಮಾಡುವ ಸರ್ಕಾರಗಳು. ಹೊರಗಿನ ಬಿರುಗಾಳಿಗೆ ಒಡ್ಡಿಕೊಂಡ ಜನ ಒಳಗೆ ಆಸರೆ ಕೇಳುತ್ತಾರೆ, ಆಸರೆ ಇದ್ದಲ್ಲಿ ಬಾಗಿಲು ತೆರೆದಿಡಲು ಒಪ್ಪುತ್ತಾರೆ ಎಂಬುದು ಅವರ ವಿವರಣೆ. ಡೆನ್ಮಾರ್ಕ್ ಇದಕ್ಕೆ ಒಳ್ಳೆಯ ಮಾದರಿ. ಅಲ್ಲಿ ಕಂಪನಿ ಕೆಲಸಗಾರನನ್ನು ತೆಗೆಯುವುದು ಕಷ್ಟವಲ್ಲ. ಕೆಲಸ ಹೋದವನಿಗೆ ಎರಡು ವರ್ಷದವರೆಗೆ ನಿರುದ್ಯೋಗ ಭತ್ಯೆ, ಜೊತೆಗೆ ತರಬೇತಿ. ಕಂಪನಿ ಮುಳುಗಬಹುದು, ಮನುಷ್ಯ ಮುಳುಗಬಾರದು ಎಂಬ ತಿಳಿವಳಿಕೆ ಅಲ್ಲಿ ಬೇರೂರಿದೆ. ಅದಕ್ಕೆ ತಕ್ಕ ತೆರಿಗೆಯನ್ನೂ ಅಲ್ಲಿನ ಜನ ಕಟ್ಟುತ್ತಾರೆ.

ಐರೋಪ್ಯ ಒಕ್ಕೂಟದಲ್ಲಿ 2007ರಿಂದ ಜಾಗತೀಕರಣ ಹೊಂದಾಣಿಕೆ ನಿಧಿ ಎಂಬುದೊಂದಿದೆ. ದೊಡ್ಡ ಪ್ರಮಾಣದಲ್ಲಿ ಕೆಲಸ ಹೋದ ಕಡೆ ತರಬೇತಿಗೆ, ಹೊಸ ಕೆಲಸ ಹುಡುಕಲು, ಸ್ವಂತ ಉದ್ಯಮಕ್ಕೆ ಅದರಿಂದ ನೆರವು. ಒಕ್ಕೂಟದ ಬಜೆಟ್ಟಿಗೆ ಹೋಲಿಸಿದರೆ ನಿಧಿ ತೀರಾ ಸಣ್ಣದು. ಒಂದು ಕಡೆ 1,000 ಜನರ ಕೆಲಸ ಹೋದರೆ ಮಾತ್ರ ಅರ್ಜಿ ಎಂದು ಮೊದಲಿಗಿತ್ತು. 2009ರಲ್ಲಿ ಅದನ್ನು 500ಕ್ಕೆ ಇಳಿಸಿದರು, 2021ರಿಂದ 200. ದೂರದ ರಾಜಧಾನಿಯಿಂದ ನೋಡುವವರಿಗೆ ಎಷ್ಟು ಜನ ಬಿದ್ದರೆ ಕಣ್ಣಿಗೆ ಬೀಳುತ್ತದೆ ಎಂಬುದರ ಅಳತೆ ಇದು, ಮತ್ತು ಅದು ಸರಿಯಾದ ದಿಕ್ಕಿನಲ್ಲಿ ಇಳಿಯುತ್ತಿದೆ. ಸಣ್ಣ ಊರೊಂದರಲ್ಲಿ 150 ಜನರ ಕಾರ್ಖಾನೆ ಮುಚ್ಚಿದರೆ ಸಾಮಾನ್ಯವಾಗಿ ಈ ನಿಧಿಯ ಬಾಗಿಲು ಇನ್ನೂ ತೆರೆಯುವುದಿಲ್ಲ.